ಉತ್ಪಾದಕತೆ ಏರಿದಾಗ ಉಳಿಯುವ ಕೂಲಿ ಯಾರದು? ಸಮಾಜವಾದಿ ವ್ಯವಸ್ಥೆಯಲ್ಲಿ ದುಡಿಮೆ, ವೇತನ, ಉದ್ಯೋಗ

ಹೊಸಓದು:
ಸಮಾಜವಾದಿ ದೇಶಗಳ ಆರ್ಥಿಕ ಚರಿತ್ರೆಯನ್ನು ಓದುವಾಗ ಮೂರು ಭರವಸೆಗಳು ಜೊತೆಜೊತೆಯಾಗಿ ಕಾಣಿಸುತ್ತವೆ: ದುಡಿಯಬಲ್ಲ ಪ್ರತಿಯೊಬ್ಬರಿಗೂ ಉದ್ಯೋಗ, ದುಡಿಮೆಗೆ ತಕ್ಕ ವೇತನ, ಬಂಡವಾಳಶಾಹಿಯನ್ನು ಮೀರಿಸುವ ಕಾರ್ಮಿಕ ಉತ್ಪಾದಕತೆ. ಬಿಡಿಬಿಡಿಯಾಗಿ ನೋಡಿದರೆ ಮೂರನ್ನೂ ಒಪ್ಪಬಹುದು. ಆದರೆ ಒಬ್ಬ ಕೆಲಸಗಾರ ಮೊದಲಿಗಿಂತ ಹೆಚ್ಚು ತಯಾರಿಸಿದರೆ ಅಷ್ಟೇ ಕೆಲಸಕ್ಕೆ ಕಡಿಮೆ ಜನ ಸಾಕಾಗುತ್ತದೆ. ಜನರನ್ನು ತೆಗೆಯುವಂತಿಲ್ಲ ಎಂದಾದರೆ ಉತ್ಪಾದಕತೆ ಏರಿದ್ದರ ಫಲ ಎಲ್ಲಿಗೆ ಹೋಗುತ್ತದೆ? ಸೋವಿಯತ್ ಒಕ್ಕೂಟವೂ ಅದರ ಹಾದಿ ಹಿಡಿದ ದೇಶಗಳೂ ಈ ತೊಡಕನ್ನು ಹೇಗೆ ಬಿಡಿಸಿಕೊಂಡವು, ಅಥವಾ ಏಕೆ ಬಿಡಿಸಿಕೊಳ್ಳಲಾಗಲಿಲ್ಲ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಬೈಗುಳ, ಜೈಕಾರ ಎರಡೂ ಬೇಡ.

ಲೆಕ್ಕಿಗ:
ವಾದಕ್ಕೆ ಇಳಿಯುವ ಮೊದಲು ಒಂದು ಸಣ್ಣ ಲೆಕ್ಕ ಮುಂದಿರಲಿ. ಒಂದು ಕಾರ್ಖಾನೆಯಲ್ಲಿ 100 ಜನ, ತಲಾ 10ರಂತೆ ದಿನಕ್ಕೆ 1,000 ಬಿಡಿಭಾಗ ತಯಾರಿಸುತ್ತಾರೆ. ಪ್ರತಿಯೊಬ್ಬರಿಗೂ ತಿಂಗಳಿಗೆ 100 ರೂಬಲ್, ಅಂದರೆ ಕಾರ್ಖಾನೆಯ ವೇತನ ನಿಧಿ 10,000 ರೂಬಲ್ ಎಂದಿಟ್ಟುಕೊಳ್ಳೋಣ. ಹೊಸ ಯಂತ್ರ ಬಂದು ಉತ್ಪಾದಕತೆ ಶೇ. 25ರಷ್ಟು ಏರಿತು, ತಲಾ 12.5 ಬಿಡಿಭಾಗ ಆಯಿತು.

ಈಗ 80 ಜನರೇ 1,000 ಬಿಡಿಭಾಗ ಮಾಡಿ ಮುಗಿಸಬಲ್ಲರು. ಉಳಿದ 20 ಜನರನ್ನು ಬೇರೆಡೆಗೆ ಕಳಿಸಿ, ಇರುವವರಿಗೆ 125 ರೂಬಲ್ ಕೊಟ್ಟರೂ ವೇತನ ನಿಧಿ ಹೆಚ್ಚಾಗುವುದಿಲ್ಲ. ಅಥವಾ 100 ಜನರನ್ನೂ ಇಟ್ಟುಕೊಂಡು 1,250 ಬಿಡಿಭಾಗ ಮಾಡಿಸಬಹುದು. ಆದರೆ ಅದಕ್ಕೆ ಉಕ್ಕು, ವಿದ್ಯುತ್ತು ಎಲ್ಲವೂ ಕಾಲುಭಾಗ ಹೆಚ್ಚು ಬೇಕು. ಇಲ್ಲವೇ ಎಂಟು ಗಂಟೆಯ ಪಾಳಿಯನ್ನು 6 ಗಂಟೆ 24 ನಿಮಿಷಕ್ಕೆ ಇಳಿಸಿ, ಅದೇ ಜನ, ಅದೇ ಕೂಲಿ, ಅದೇ ಉತ್ಪಾದನೆ ಎಂದು ಬಿಡಬಹುದು. ನಾಲ್ಕನೆಯದೂ ಒಂದಿದೆ: ಜನರನ್ನೂ ತೆಗೆಯುವುದಿಲ್ಲ, ಉತ್ಪಾದನೆಯನ್ನೂ ಹೆಚ್ಚಿಸುವುದಿಲ್ಲ, ಕೂಲಿಯನ್ನು ಮಾತ್ರ ಏರಿಸುವುದು. ಆಗ ಜನರ ಕೈಗೆ ಬಂದ 2,500 ರೂಬಲ್‌ಗೆ ಅಂಗಡಿಯಲ್ಲಿ ಸರಕೇ ಇರುವುದಿಲ್ಲ.

ಇಷ್ಟರಲ್ಲೇ ಇಡೀ ಚರ್ಚೆ ಅಡಗಿದೆ ಎನ್ನುವುದಿಲ್ಲ, ಏಕೆಂದರೆ ಈ ಲೆಕ್ಕದಲ್ಲಿ ಶಾಲೆಯ ಶಿಕ್ಷಕರಿಲ್ಲ, ನಿವೃತ್ತರಿಲ್ಲ, ನಾಳೆ ಕಟ್ಟಬೇಕಾದ ಕಾರ್ಖಾನೆಯೂ ಇಲ್ಲ. ಅವರೆಲ್ಲರ ಪಾಲು ಈ ಉತ್ಪಾದನೆಯಿಂದಲೇ ಹೋಗಬೇಕು. ವೇತನಕ್ಕಿಂತ ಉತ್ಪಾದಕತೆ ವೇಗವಾಗಿ ಬೆಳೆಯಬೇಕು ಎಂಬುದು ಸೋವಿಯತ್ ಯೋಜನೆಗಳ ಕಾಯಂ ನಿಯಮವಾದದ್ದು ಈ ಕಾರಣದಿಂದ.

ಸಮಪಾಲು:
ಲೆಕ್ಕಿಗರ ಕೊನೆಯ ಮಾತಿನಿಂದ ಮುಂದುವರಿಸುತ್ತೇನೆ. ದುಡಿದವನಿಗೆ ಅವನ ದುಡಿಮೆಯ ಪೂರ್ಣ ಫಲ ಸಿಗಬೇಕು ಎಂಬ ಘೋಷಣೆಯನ್ನು ಸಮಾಜವಾದದ ಸಾರವೆಂದು ಹಲವರು ಭಾವಿಸಿದ್ದಾರೆ. 1875ರಲ್ಲಿ ಜರ್ಮನ್ ಕಾರ್ಮಿಕ ಪಕ್ಷದ ಕರಡು ಕಾರ್ಯಕ್ರಮವನ್ನು ಟೀಕಿಸುತ್ತಾ ಆ ಘೋಷಣೆಯನ್ನು ತಳ್ಳಿಹಾಕಿದವರು ಸ್ವತಃ ಮಾರ್ಕ್ಸ್. ಸವೆದ ಯಂತ್ರಗಳ ಬದಲಿಗೆ, ಉತ್ಪಾದನೆಯ ವಿಸ್ತರಣೆಗೆ, ಅಪಘಾತ ಮತ್ತು ಪ್ರಕೃತಿ ವಿಕೋಪಗಳ ಮೀಸಲಿಗೆ, ಶಾಲೆ ಮತ್ತು ಆರೋಗ್ಯಕ್ಕೆ, ದುಡಿಯಲಾರದವರಿಗೆ ಎಂದು ಒಟ್ಟು ಉತ್ಪನ್ನದಿಂದ ಮೊದಲೇ ಕಳೆಯಬೇಕಾದ ಬಾಬತ್ತುಗಳನ್ನು ಅವರು ಒಂದೊಂದಾಗಿ ಹೇಳಿದರು. ಕೂಲಿ ಎಂದು ಕೈಗೆ ಬರುವುದು ಅದೆಲ್ಲ ಕಳೆದ ಮೇಲೆ ಉಳಿದದ್ದು. ಆದ್ದರಿಂದ ಉತ್ಪಾದಕತೆ ಶೇ. 25 ಏರಿದರೆ ಕೂಲಿಯೂ ಶೇ. 25 ಏರಲೇಬೇಕೆಂಬ ವಾದಕ್ಕೆ ಸಮಾಜವಾದಿ ಸಿದ್ಧಾಂತದೊಳಗೆ ಆಧಾರವಿಲ್ಲ. ಆ ಕಡಿತವನ್ನು ನಿರ್ಧರಿಸುವವರು ಯಾರು, ಅವರು ದುಡಿಯುವವರಿಗೆ ಉತ್ತರ ಕೊಡಬೇಕಾಗುತ್ತದೆಯೇ ಎಂಬುದಷ್ಟೇ ನಿಜವಾದ ಪ್ರಶ್ನೆ.

ಲೆಕ್ಕಿಗರು ಹೇಳಿದ ಮೂರನೆಯ ದಾರಿ, ಅಂದರೆ ದುಡಿಮೆಯ ಅವಧಿಯನ್ನು ಕಡಿಮೆ ಮಾಡುವುದು, ಕಾಗದದ ಮೇಲಷ್ಟೇ ಉಳಿದದ್ದಲ್ಲ. ಕ್ರಾಂತಿಯ ಹತ್ತನೆಯ ವರ್ಷವಾದ 1927ರಲ್ಲಿ ಏಳು ಗಂಟೆಯ ದಿನವನ್ನು ಘೋಷಿಸಲಾಯಿತು. ಯುದ್ಧದ ಭೀತಿಯಲ್ಲಿ 1940ರಲ್ಲಿ ಅದು ಮತ್ತೆ ಎಂಟು ಗಂಟೆಯಾಯಿತು. 1960ರ ಹೊತ್ತಿಗೆ ಏಳು ಗಂಟೆಯ ದಿನ, 41 ಗಂಟೆಯ ವಾರ ಮರಳಿ ಬಂತು. 1967ರಲ್ಲಿ ವಾರಕ್ಕೆ ಐದು ದಿನದ ದುಡಿಮೆ ಜಾರಿಯಾಯಿತು. ಉತ್ಪಾದಕತೆಯ ಫಲ ವಿರಾಮದ ರೂಪದಲ್ಲಿ ಬಂದ ಈ ಉದಾಹರಣೆಯನ್ನು ಚರ್ಚೆಗಳಲ್ಲಿ ಯಾರೂ ಎತ್ತುವುದೇ ಇಲ್ಲ.

ಅನುಮಾನಿ:
ಸಮಪಾಲು ಅವರು 1940ರ ಆಜ್ಞೆಯ ಅರ್ಧವನ್ನಷ್ಟೇ ಹೇಳಿದರು. ಅದೇ ಜೂನ್ 26ರ ಆಜ್ಞೆಯ ಪ್ರಕಾರ ಅನುಮತಿಯಿಲ್ಲದೆ ಕೆಲಸ ಬಿಡುವುದೂ ಕಾರಣವಿಲ್ಲದೆ ಗೈರುಹಾಜರಾಗುವುದೂ ಕ್ರಿಮಿನಲ್ ಅಪರಾಧಗಳಾದವು. ಆ ನಿಯಮ ಸಂಪೂರ್ಣವಾಗಿ ರದ್ದಾದದ್ದು 1956ರಲ್ಲಿ. 1930ರಲ್ಲಿ ನಿರುದ್ಯೋಗ ತೊಲಗಿತೆಂದು ಘೋಷಿಸಿ ಉದ್ಯೋಗ ವಿನಿಮಯ ಕೇಂದ್ರಗಳನ್ನು ಮುಚ್ಚಿದರು, ನಿಜ. ಜೊತೆಗೆ ನಿರುದ್ಯೋಗ ಭತ್ಯೆಯೂ ನಿಂತಿತು. ಕೆಲಸದ ಹಕ್ಕು ಕ್ರಮೇಣ ಕೆಲಸದ ಕಡ್ಡಾಯವಾಯಿತು. 1961ರ ನಂತರ ಕೆಲಸವಿಲ್ಲದೆ ಇದ್ದವರನ್ನು ಪರೋಪಜೀವಿಗಳೆಂದು ಗಡಿಪಾರು ಮಾಡುವ ಕಾನೂನು ಇತ್ತು. ಕವಿ ಜೋಸೆಫ್ ಬ್ರಾಡ್‌ಸ್ಕಿಗೆ 1964ರಲ್ಲಿ ಆ ಶಿಕ್ಷೆಯಾಯಿತು. ನಿರುದ್ಯೋಗವನ್ನೇ ಅಪರಾಧ ಮಾಡಿದ ಮೇಲೆ ನಿರುದ್ಯೋಗವಿಲ್ಲ ಎನ್ನುವ ಅಂಕಿ ಏನನ್ನು ತೋರಿಸುತ್ತದೆ?

ಸಮಪಾಲು:
ಅಪರಾಧವೆಂದು ಕರೆದದ್ದರಿಂದಲೇ ಕೆಲಸಗಳು ಹುಟ್ಟಲಿಲ್ಲ ಅನುಮಾನಿಯವರೇ. 1928ರಲ್ಲಿ ಆರಂಭವಾದ ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕಾರ್ಖಾನೆಗಳಿಗೆ ಜನ ಸಾಲದೆ ಹಳ್ಳಿಗಳಿಂದ ಲಕ್ಷಾಂತರ ಜನ ನಗರಗಳಿಗೆ ಬಂದರು. ಹೇಗೆ ಬಂದರು, ಯಾವ ಒತ್ತಾಯದಿಂದ ಬಂದರು ಎಂಬುದರ ಕ್ರೌರ್ಯವನ್ನು ನಾನು ಮರೆಮಾಚುತ್ತಿಲ್ಲ. ಆದರೆ ಉದ್ಯೋಗ ನಿಜವಾಗಿಯೂ ಇತ್ತು.

ಸ್ಟಾಪ್‌ವಾಚ್:
ನಾನು ಕಾರ್ಖಾನೆಯೊಂದರಲ್ಲಿ ಕೆಲಸದ ಸಮಯ ಅಳೆಯುವ ವಿಭಾಗದಲ್ಲಿ ಇದ್ದವನು. ಹಾಗಾಗಿ ಸಿದ್ಧಾಂತಕ್ಕಿಂತ ನಾರ್ಮ್‌ನ ಬಗ್ಗೆ, ಅಂದರೆ ಒಂದು ಪಾಳಿಗೆ ಇಷ್ಟು ಕೆಲಸ ಎಂದು ಗೊತ್ತುಮಾಡುವುದರ ಬಗ್ಗೆ ಹೇಳುತ್ತೇನೆ. ಪೀಸ್‌ರೇಟ್ ಕೂಲಿ, ಅಂದರೆ ತಯಾರಿಸಿದ ಪ್ರತಿ ಸರಕಿಗೆ ಇಷ್ಟು ಎಂಬ ಕೂಲಿ ಇರುವ ಕಡೆ ಕೂಲಿ, ಉತ್ಪಾದಕತೆ ಎರಡೂ ಈ ಒಂದು ಅಂಕಿಗೆ ಜೋತುಬಿದ್ದಿರುತ್ತವೆ.

ಸ್ತಖಾನೋವ್ ಪ್ರಕರಣವನ್ನು ಎಲ್ಲರೂ ಕೇಳಿರುತ್ತಾರೆ. 1935ರ ಆಗಸ್ಟ್ 30ರ ರಾತ್ರಿ ಉಕ್ರೇನಿನ ಕಲ್ಲಿದ್ದಲು ಪ್ರದೇಶವಾದ ಡಾನ್‌ಬಾಸ್‌ನ ಒಂದು ಗಣಿಯಲ್ಲಿ ಅಲೆಕ್ಸಿ ಸ್ತಖಾನೋವ್ ಆರು ಗಂಟೆಗೂ ಕಡಿಮೆ ಅವಧಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದರು. ನಾರ್ಮ್ ಇದ್ದದ್ದು 7 ಟನ್. ಹದಿನಾಲ್ಕು ಪಟ್ಟು ಎಂದು ಪತ್ರಿಕೆಗಳು ಸಾರಿದವು. ಆದರೆ ಅಲ್ಲಿ ನಡೆದದ್ದೇನು? ಅದುವರೆಗೆ ಕಲ್ಲಿದ್ದಲು ಕಡಿಯುವವನೇ ನಡುನಡುವೆ ಗಾಳಿಸುತ್ತಿಗೆ ಕೆಳಗಿಟ್ಟು, ಮೇಲ್ಛಾವಣಿ ಕುಸಿಯದಂತೆ ಮರದ ಆಸರೆ ನಿಲ್ಲಿಸಬೇಕಿತ್ತು. ಆ ರಾತ್ರಿ ಆಸರೆ ನಿಲ್ಲಿಸುವ ಕೆಲಸವನ್ನು ಹಿಂದಿನಿಂದ ಬಂದ ಇನ್ನಿಬ್ಬರು ಮಾಡಿದರು, ಸ್ತಖಾನೋವ್ ಕಡಿಯುತ್ತಲೇ ಹೋದರು. 102 ಟನ್ನನ್ನು ಮೂವರಿಗೆ ಹಂಚಿದರೆ ತಲಾ 34 ಟನ್. ಹದಿನಾಲ್ಕು ಪಟ್ಟು ಹೋಗಿ ಐದು ಪಟ್ಟಿಗಿಂತ ತುಸು ಕಡಿಮೆ. ಅದೂ ದೊಡ್ಡ ಸಾಧನೆಯೇ. ಕೆಲಸವನ್ನು ವಿಂಗಡಿಸಿದ್ದರಿಂದ ಬಂದ ಆ ಲಾಭವನ್ನು ಒಬ್ಬನ ತೋಳ್ಬಲದ ಖಾತೆಗೆ ಬರೆದದ್ದರಿಂದ ಮುಂದಿನ ಅನಾಹುತವಾಯಿತು: 1936ರಲ್ಲಿ ಉದ್ಯಮ ಉದ್ಯಮಗಳಲ್ಲೇ ಎಲ್ಲರ ನಾರ್ಮ್ ಏರಿಸಿದರು. ಆಸರೆ ನಿಲ್ಲಿಸಲು ಇಬ್ಬರು ಸಹಾಯಕರಿಲ್ಲದವನಿಗೂ ನಾರ್ಮ್ ಏರಿತು.

ಈ ಪಾಠವನ್ನು ಕೆಲಸಗಾರರು ಬೇಗ ಕಲಿಯುತ್ತಾರೆ. ನಾನು ಗಡಿಯಾರ ಹಿಡಿದು ಲೇತ್ ಪಕ್ಕದಲ್ಲಿ ನಿಂತ ಕ್ಷಣದಿಂದ ಕೆಲಸಗಾರನ ಕೈ ನಿಧಾನವಾಗುತ್ತಿತ್ತು. ಎಣ್ಣೆ ಹಾಕುವುದು, ಅಳತೆ ನೋಡುವುದು, ಚೂರು ಗುಡಿಸುವುದು ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯುತ್ತಿತ್ತು. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಇವತ್ತು ಹೆಚ್ಚು ಮಾಡಿ ತೋರಿಸಿದರೆ ನಾಳೆ ಅದೇ ಕೂಲಿಗೆ ಅಷ್ಟನ್ನೂ ಮಾಡಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಸೋವಿಯತ್ ಕಾರ್ಖಾನೆಯಲ್ಲಿ ಇದೇ ಆಟ ಎರಡು ಮಟ್ಟದಲ್ಲಿ ನಡೆಯುತ್ತಿತ್ತು: ಕೆಲಸಗಾರ ಫೋರ್‌ಮನ್ನನಿಂದ, ನಿರ್ದೇಶಕ ಸಚಿವಾಲಯದಿಂದ ತನ್ನ ನಿಜವಾದ ಸಾಮರ್ಥ್ಯವನ್ನು ಬಚ್ಚಿಡುತ್ತಿದ್ದ, ಏಕೆಂದರೆ ಹಿಂದಿನ ವರ್ಷ ಸಾಧಿಸಿದ ಮಟ್ಟವೇ ಮುಂದಿನ ವರ್ಷದ ಗುರಿಗೆ ತಳಪಾಯವಾಗುತ್ತಿತ್ತು.

ನಾರ್ಮ್‌ಗೆ ಕೈಹಾಕಿದರೆ ರಾಜಕೀಯ ಕೆರಳುತ್ತದೆ ಎಂಬುದಕ್ಕೆ ಎರಡು ಪುರಾವೆ ಸಾಕು. 1953ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ನಾರ್ಮ್‌ಗಳನ್ನು ಕನಿಷ್ಠ ಶೇ. 10 ಏರಿಸಲು ಹೊರಟಿತು. ಬರ್ಲಿನ್ನಿನ ‘ಸ್ಟಾಲಿನ್ ಅಲೆ’ ಎಂಬ ಬೀದಿಯ ಕಟ್ಟಡ ಕಾರ್ಮಿಕರು ಜೂನ್ 16ರಂದು ಬೀದಿಗಿಳಿದರು, ಮರುದಿನ ಅದು ದೇಶವ್ಯಾಪಿ ದಂಗೆಯಾಗಿ ಟ್ಯಾಂಕುಗಳು ಬಂದವು. 1962ರ ಜೂನ್‌ನಲ್ಲಿ ನೊವೊಚೆರ್ಕಾಸ್ಕ್‌ನ ರೈಲು ಎಂಜಿನ್ ಕಾರ್ಖಾನೆಯಲ್ಲಿ ಪೀಸ್‌ರೇಟ್ ಇಳಿಸಿದ್ದೂ, ಮಾಂಸ ಮತ್ತು ಬೆಣ್ಣೆಯ ಬೆಲೆ ಏರಿದ್ದೂ ಒಟ್ಟಿಗೆ ಬಂದು ಮುಷ್ಕರವಾಯಿತು. ಸೈನ್ಯ ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಅದಾದ ಮೇಲೆ ಆಹಾರದ ಬೆಲೆಯನ್ನಾಗಲಿ ನಾರ್ಮನ್ನಾಗಲಿ ನೇರವಾಗಿ ಮುಟ್ಟುವುದಕ್ಕೆ ಅಧಿಕಾರದಲ್ಲಿದ್ದವರು ಅಂಜಿದರು.

ಶಾರದಾ:
ಸ್ಟಾಪ್‌ವಾಚ್ ಅವರ ವಿವರಣೆ ಕೂಲಿಯ ಭಾಗವನ್ನು ಚೆನ್ನಾಗಿ ತೆರೆದಿಟ್ಟಿದೆ. ಉದ್ಯೋಗದ ಭಾಗವನ್ನು ನಾನು ಸೇರಿಸುತ್ತೇನೆ, ಏಕೆಂದರೆ ಮೂಲ ಪ್ರಶ್ನೆ ಅದೇ: ಹೆಚ್ಚಾದ ಜನರನ್ನು ಬಿಟ್ಟುಕೊಡಲು ನಿರ್ದೇಶಕರೇಕೆ ಒಪ್ಪುತ್ತಿರಲಿಲ್ಲ? ಕಾನೂನು ತಡೆಯುತ್ತಿತ್ತು ಎಂಬುದು ಪೂರ್ಣ ಉತ್ತರವಲ್ಲ. ಕೆಲಸದಿಂದ ತೆಗೆಯಲು ಕಾರ್ಖಾನೆಯ ಕಾರ್ಮಿಕ ಸಂಘದ ಸಮಿತಿಯ ಒಪ್ಪಿಗೆ ಬೇಕಿತ್ತು, ಬೇರೆ ಕೆಲಸ ತೋರಿಸಬೇಕಿತ್ತು ಎಂಬುದೆಲ್ಲ ಸರಿ. ಆದರೆ ಕಾನೂನು ಇಲ್ಲದಿದ್ದರೂ ಅವರು ತೆಗೆಯುತ್ತಿರಲಿಲ್ಲ.

ಕಾರಣ ವೇತನ ನಿಧಿಯಲ್ಲಿದೆ. ಆ ನಿಧಿ ಮೇಲಿನಿಂದ ಮಂಜೂರಾಗುತ್ತಿದ್ದದ್ದು ಯೋಜನೆಯಲ್ಲಿ ಒಪ್ಪಿದ ಕೆಲಸಗಾರರ ಸಂಖ್ಯೆಯನ್ನು ನೋಡಿ. 20 ಜನರನ್ನು ಬಿಟ್ಟರೆ ಮುಂದಿನ ವರ್ಷ 20 ಜನರ ಕೂಲಿ ಕಡಿತವಾಗುತ್ತಿತ್ತು. ಉಳಿಸಿದವನಿಗೆ ಉಳಿತಾಯ ಸೇರುತ್ತಿರಲಿಲ್ಲ. ಮೇಲಾಗಿ ಕಾರ್ಖಾನೆ ಎಷ್ಟು ದೊಡ್ಡದು ಎಂಬುದರ ಮೇಲೆ ಅದರ ದರ್ಜೆ, ದರ್ಜೆಯ ಮೇಲೆ ನಿರ್ದೇಶಕರ ಸಂಬಳ ನಿಂತಿತ್ತು. ನಷ್ಟವಾದರೂ ಸರ್ಕಾರ ತುಂಬಿಕೊಡುತ್ತದೆ ಎಂಬ ಭರವಸೆ ಇದ್ದಾಗ ಹೆಚ್ಚುವರಿ ಜನರನ್ನು ಇಟ್ಟುಕೊಳ್ಳುವುದಕ್ಕೆ ಯಾರೂ ಬೆಲೆ ತೆರಬೇಕಾಗಿರಲಿಲ್ಲ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಸಡಿಲ ಬಜೆಟ್ ಎಂದು ಗುರುತಿಸಿದ್ದು ಇದನ್ನೇ.

ಜನ ಬೇಕಾಗಿಯೂ ಇರುತ್ತಿದ್ದರು, ಅದೂ ವಿಚಿತ್ರ ರೀತಿಯಲ್ಲಿ. ತಿಂಗಳ ಮೊದಲ ಹತ್ತು ದಿನ ಸಾಮಗ್ರಿ ಬಂದಿರುವುದಿಲ್ಲ, ಯಂತ್ರಗಳ ಮುಂದೆ ಜನ ಸುಮ್ಮನೆ ಕುಳಿತಿರುತ್ತಾರೆ. ನಡುವಿನ ಹತ್ತು ದಿನ ಸಾಮಗ್ರಿ ತುಣುಕು ತುಣುಕಾಗಿ ಬರುತ್ತದೆ. ಕೊನೆಯ ಹತ್ತು ದಿನ ಹಗಲುರಾತ್ರಿ ಪಾಳಿ, ರಜೆಯ ದಿನವೂ ದುಡಿಮೆ. ತಿಂಗಳ ಕೊನೆಗೆ ಗುರಿ ಮುಟ್ಟಿಸಲೇಬೇಕು, ಇಲ್ಲದಿದ್ದರೆ ಎಲ್ಲರ ಬೋನಸ್ ಹೋಯಿತು. ಈ ಕೊನೆಯ ಹತ್ತು ದಿನಕ್ಕೆ ಬೇಕಾದಷ್ಟು ಜನರನ್ನು ಮೂವತ್ತು ದಿನವೂ ಸಾಕಬೇಕು. ಸುಗ್ಗಿಯ ಕಾಲದಲ್ಲಿ ಪಕ್ಷದ ಜಿಲ್ಲಾ ಸಮಿತಿ ಆಲೂಗಡ್ಡೆ ಕೀಳಲು ಇಷ್ಟು ಜನರನ್ನು ಕಳಿಸಿ ಎಂದಾಗಲೂ ಕೈಯಲ್ಲಿ ಜನ ಇರಬೇಕು. ಹೊರಗಿನಿಂದ ನೋಡುವವರಿಗೆ ಇದು ಸೋಮಾರಿತನವಾಗಿ ಕಾಣುತ್ತದೆ. ಒಳಗಿದ್ದ ನಿರ್ದೇಶಕರಿಗೆ ಅದು ವಿಮೆ.

ಉತ್ಪಾದಕತೆಯನ್ನು ಅಳೆಯುತ್ತಿದ್ದ ರೀತಿಯ ಬಗ್ಗೆಯೂ ಒಂದು ಮಾತು. ಬಹುಕಾಲ ಅದು ತಲಾ ಒಟ್ಟು ಉತ್ಪಾದನೆಯ ಮೌಲ್ಯ. ಹೊರಗಿನಿಂದ ಕೊಂಡ ಸಾಮಗ್ರಿಯ ಬೆಲೆಯೂ ಅದರಲ್ಲೇ ಸೇರಿರುತ್ತಿತ್ತು. ದುಬಾರಿ ಬಟ್ಟೆಯಿಂದ ಕೋಟು ಹೊಲಿದರೆ ಅಗ್ಗದ ಬಟ್ಟೆಯಿಂದ ಹೊಲಿದದ್ದಕ್ಕಿಂತ ದರ್ಜಿಯ ಉತ್ಪಾದಕತೆ ಹೆಚ್ಚೆಂದು ತೋರುತ್ತಿತ್ತು, ಹೊಲಿಗೆ ಅಷ್ಟೇ ಇದ್ದರೂ. ಇದನ್ನು ಸರಿಪಡಿಸಲು 1979ರ ಜುಲೈನಲ್ಲಿ ನಿವ್ವಳ ಉತ್ಪಾದನೆಯ ಹೊಸ ಅಳತೆಯನ್ನು ತಂದರು, ತುಂಬಾ ತಡವಾಗಿ.

ಹೊಸಓದು:
ಶಾರದಾ ಮೇಡಂ, ಹಾಗಾದರೆ ಪರಿಹಾರವೂ ಅಲ್ಲೇ ಕಾಣುತ್ತದೆಯಲ್ಲವೇ? ವೇತನ ನಿಧಿಯನ್ನು ಕಡಿತ ಮಾಡದೆ, ಉಳಿಸಿದ್ದನ್ನು ಉಳಿಸಿದವರಿಗೇ ಬಿಟ್ಟುಕೊಟ್ಟರೆ ಸಾಕಿತ್ತು. ಅದನ್ನು ಯಾರಾದರೂ ಮಾಡಿ ನೋಡಿದರೇ?

ಲೆಕ್ಕಿಗ:
ಮಾಡಿ ನೋಡಿದರು. ಈ ಚರ್ಚೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ರಷ್ಯಾದ ತೂಲಾ ಪ್ರಾಂತದ ಶ್ಚೆಕಿನೊ ಎಂಬಲ್ಲಿ ದೊಡ್ಡ ರಸಾಯನ ಕಾರ್ಖಾನೆಯೊಂದಿತ್ತು. ಕಾರ್ಖಾನೆಗಳಿಗೆ ತುಸು ಸ್ವಾತಂತ್ರ್ಯ ಕೊಡಲು ಹೊರಟ, ಪ್ರಧಾನಿ ಕೊಸಿಗಿನ್ ಅವರ 1965ರ ಸುಧಾರಣೆಯ ಗಾಳಿ ಬೀಸುತ್ತಿದ್ದ ಕಾಲ. 1967ರಲ್ಲಿ ಆ ಕಾರ್ಖಾನೆಯ ವೇತನ ನಿಧಿಯನ್ನು 1970ರವರೆಗೆ ಬದಲಾಯಿಸುವುದಿಲ್ಲ ಎಂದು ಮಾತು ಕೊಟ್ಟರು. ಜನ ಕಡಿಮೆಯಾದರೆ ಉಳಿಯುವ ಕೂಲಿಯ ಒಂದು ಪಾಲನ್ನು ಹೆಚ್ಚು ಹೊಣೆ ಹೊತ್ತವರಿಗೆ, ಎರಡು ಯಂತ್ರ ನೋಡಿಕೊಳ್ಳುವವರಿಗೆ, ಎರಡು ಕಸುಬು ಕಲಿತವರಿಗೆ ಕೊಡಬಹುದಿತ್ತು. ಮೊದಲ ಕೆಲವು ವರ್ಷಗಳಲ್ಲೇ ಸುಮಾರು ಸಾವಿರ ಹುದ್ದೆಗಳು ಕಡಿಮೆಯಾದವು, ಉತ್ಪಾದನೆ ಏರಿತು, ಸರಾಸರಿ ಕೂಲಿಯೂ ಏರಿತು. ಬಿಡುಗಡೆಯಾದವರಲ್ಲಿ ಅನೇಕರು ಅದೇ ಕಾರ್ಖಾನೆಯ ಹೊಸ ಘಟಕಗಳಿಗೆ ಹೋದರು. 1969ರಲ್ಲಿ ಪಕ್ಷದ ಕೇಂದ್ರ ಸಮಿತಿ ಇದನ್ನು ಮೆಚ್ಚಿ, ಬೇರೆ ಕಾರ್ಖಾನೆಗಳೂ ಅನುಸರಿಸಲಿ ಎಂದಿತು.

ಮುಂದೆ ಆದದ್ದು ಯಾರೂ ಊಹಿಸಬಹುದಾದದ್ದು. ಕೊಟ್ಟ ಅವಧಿ ಮುಗಿದ ಮೇಲೆ ಸಚಿವಾಲಯ ಗುರಿಗಳನ್ನು ಏರಿಸಿತು, ಉಳಿತಾಯದ ಮೇಲೆ ಕೈಹಾಕಿತು. ಹೆಚ್ಚುವರಿ ಜನರನ್ನು ಮೊದಲೇ ಕಳಿಸಿದ್ದ ಕಾರ್ಖಾನೆಗೆ ಈಗ ಬಿಟ್ಟುಕೊಡಲು ಯಾರೂ ಉಳಿದಿರಲಿಲ್ಲ. ಏನನ್ನೂ ಮಾಡದೆ ಕುಳಿತಿದ್ದ ನೆರೆಯ ಕಾರ್ಖಾನೆಯ ಮುಂದೆ ಇನ್ನೂ ಸುಲಭದ ಗುರಿಯಿತ್ತು. ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟವನಿಗೇ ದಂಡ ಬಿದ್ದಂತಾಯಿತು. ಇದನ್ನು ನೋಡಿದ ಇತರ ನಿರ್ದೇಶಕರು ಶ್ಚೆಕಿನೊ ವಿಧಾನವನ್ನು ಸಭೆಗಳಲ್ಲಿ ಹೊಗಳಿ, ತಮ್ಮಲ್ಲಿ ಆದಷ್ಟು ಕಡಿಮೆ ಜಾರಿ ಮಾಡಿದರು.

ನನ್ನ ಅಭಿಪ್ರಾಯ ಇಷ್ಟು: ಶ್ಚೆಕಿನೊ ಸೋತದ್ದು ಉತ್ಪಾದಕತೆಗೂ ಪೂರ್ಣ ಉದ್ಯೋಗಕ್ಕೂ ಹೊಂದಿಕೆಯಾಗದ್ದರಿಂದ ಅಲ್ಲ. ಅಲ್ಲಿ ಯಾರೂ ಬೀದಿಪಾಲಾಗಲಿಲ್ಲ. ಅದು ಸೋತದ್ದು ಉಳಿದ ಕೂಲಿಯ ಮೇಲಿನ ಹಕ್ಕು ಯಾರದೆಂಬುದು ಕಾನೂನಾಗದೆ, ಮೇಲಿನವರ ಕೃಪೆಯಾಗಿಯೇ ಉಳಿದದ್ದರಿಂದ.

ಅನುಮಾನಿ:
ಲೆಕ್ಕಿಗರ ತೀರ್ಮಾನ ಅರ್ಧ ಸರಿ. ಹಕ್ಕು ಕಾನೂನಾದರೆ ಏನಾಗುತ್ತದೆ ಎಂಬುದನ್ನೂ ನೋಡಿಯಾಗಿದೆ. 1988ರ ಜನವರಿ 1ರಿಂದ ಜಾರಿಗೆ ಬಂದ ಸರ್ಕಾರಿ ಉದ್ಯಮಗಳ ಕಾಯ್ದೆ ಕಾರ್ಖಾನೆಗಳಿಗೆ ಸ್ವಾತಂತ್ರ್ಯ ಕೊಟ್ಟಿತು, ನಿರ್ದೇಶಕರನ್ನು ಕೆಲಸಗಾರರೇ ಆರಿಸುವಂತಾಯಿತು. ಚುನಾವಣೆಗೆ ನಿಂತ ನಿರ್ದೇಶಕ ಏನು ಮಾಡುತ್ತಾನೆ? ಕೂಲಿ ಏರಿಸುತ್ತಾನೆ. ಅಧಿಕೃತ ಅಂಕಿಗಳಂತೆ ಸರಾಸರಿ ಮಾಸಿಕ ವೇತನ 1987ರಲ್ಲಿ ಸುಮಾರು 203 ರೂಬಲ್ ಇದ್ದದ್ದು 1989ರಲ್ಲಿ ಸುಮಾರು 240 ಆಯಿತು. ಸರಕು ಆ ವೇಗದಲ್ಲಿ ಹೆಚ್ಚಲಿಲ್ಲ. ಇದು ಲೆಕ್ಕಿಗರೇ ಮೊದಲು ಹೇಳಿದ ನಾಲ್ಕನೆಯ ದಾರಿ.

ರೋಗ ಅದಕ್ಕೂ ಹಳೆಯದು. 1970ರಲ್ಲಿ 122 ರೂಬಲ್ ಇದ್ದ ಸರಾಸರಿ ವೇತನ 1985ರಲ್ಲಿ 190ಕ್ಕೆ ಬಂತು. ಅದೇ ಅವಧಿಯಲ್ಲಿ ಉಳಿತಾಯ ಖಾತೆಗಳಲ್ಲಿ ಜನ ಇಟ್ಟ ಹಣ ಸುಮಾರು 4,700 ಕೋಟಿ ರೂಬಲ್‌ನಿಂದ ಸುಮಾರು 22,000 ಕೋಟಿಗೆ ಏರಿತು. ಕೂಲಿ ಒಂದೂವರೆ ಪಟ್ಟು, ಉಳಿತಾಯ ನಾಲ್ಕೂವರೆ ಪಟ್ಟಿಗೂ ಹೆಚ್ಚು. ಅದರಲ್ಲಿ ಮುಪ್ಪಿಗೆಂದು ಕೂಡಿಟ್ಟದ್ದೂ ಇದ್ದೀತು, ಆದರೆ ಬಹುಪಾಲು ಕೊಳ್ಳಲು ಏನೂ ಸಿಗದೆ ಉಳಿದದ್ದು ಎಂದೇ ನನ್ನ ಎಣಿಕೆ. 1989ರ ಜುಲೈನಲ್ಲಿ ಸೈಬೀರಿಯಾದ ಕಲ್ಲಿದ್ದಲು ಪ್ರದೇಶವಾದ ಕುಜ್‌ಬಾಸ್‌ನ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಸೋಪೂ ಇತ್ತು. ದೇಶದಲ್ಲೇ ಒಳ್ಳೆಯ ಕೂಲಿ ಪಡೆಯುತ್ತಿದ್ದವರಲ್ಲಿ ಅವರೂ ಸೇರಿದ್ದರು. ಕಲ್ಲಿದ್ದಲಿನ ಮಸಿ ಮೆತ್ತಿದ ಮೈಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವನಿಗೆ ತೊಳೆದುಕೊಳ್ಳಲು ಸೋಪಿಲ್ಲದಿದ್ದರೆ ಕೂಲಿಯ ಅಂಕಿಯಿಂದ ಏನು ಪ್ರಯೋಜನ? ಹೀಗಿರುವಾಗ ಹೆಚ್ಚು ಕೂಲಿಯ ಆಸೆಗೆ ಹೆಚ್ಚು ದುಡಿಯುವವರಾರು? ಉತ್ಪಾದಕತೆ, ಕೂಲಿ, ಉದ್ಯೋಗ ಎಂದು ಮೂರನ್ನೇ ಹೆಣೆಯುತ್ತಾ ಕೂತರೆ ಅಂಗಡಿಯ ಕಪಾಟನ್ನು ಮರೆತಂತಾಗುತ್ತದೆ.

ಸಮಪಾಲು:
ಒಪ್ಪುತ್ತೇನೆ. ಆದರೆ ಅದು ಕೂಲಿಯ ದೋಷವಲ್ಲ, ಹೂಡಿಕೆಯ ದೋಷ. ದಶಕಗಟ್ಟಲೆ ಭಾರಿ ಕೈಗಾರಿಕೆ ಮತ್ತು ಶಸ್ತ್ರಾಸ್ತ್ರಕ್ಕೆ ಮೊದಲ ಪಾಲು ಹೋದರೆ ಸೋಪಿಗೆ ಏನು ಉಳಿದೀತು?

ಶಾರದಾ:
ಅನುಮಾನಿಯವರ ಉದಾಹರಣೆಯಲ್ಲಿ ಒಂದು ಎಳೆ ಬಿಟ್ಟುಹೋಗಿದೆ. 1988ರಲ್ಲಿ ಕಾರ್ಖಾನೆಗೆ ಸ್ವಾತಂತ್ರ್ಯ ಬಂತು, ನಷ್ಟದ ಹೊಣೆ ಬರಲಿಲ್ಲ. ಹೊಣೆಯೂ ತಕ್ಕಮಟ್ಟಿಗೆ ಜೊತೆಗಿದ್ದ ಪ್ರಯೋಗವೆಂದರೆ ಯುಗೊಸ್ಲಾವಿಯಾ. 1950ರ ಕಾನೂನು ಅಲ್ಲಿ ಕಾರ್ಖಾನೆಗಳನ್ನು ಕೆಲಸಗಾರರ ಮಂಡಳಿಗಳಿಗೆ ಒಪ್ಪಿಸಿತು. ಕ್ರಮೇಣ ಆದಾಯವನ್ನು ತಮ್ಮೊಳಗೆ ಹಂಚಿಕೊಳ್ಳುವ ಅಧಿಕಾರವೂ ಮಂಡಳಿಗಳಿಗೆ ಬಂತು. ಉಳಿದ ಕೂಲಿ ಯಾರದು ಎಂಬ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರವಿತ್ತು: ಒಳಗಿರುವವರದು.

ಅಮೆರಿಕದ ಅರ್ಥಶಾಸ್ತ್ರಜ್ಞ ಬೆಂಜಮಿನ್ ವಾರ್ಡ್ 1958ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ಅವರ ತರ್ಕವನ್ನು ನನ್ನ ಅಂಕಿಗಳಲ್ಲಿ ಹೇಳುತ್ತೇನೆ. 100 ಸದಸ್ಯರ ಕಾರ್ಖಾನೆಗೆ 12,000 ಆದಾಯ, ತಲಾ 120. ಹೊಸದಾಗಿ ಒಬ್ಬರನ್ನು ಸೇರಿಸಿಕೊಂಡರೆ ಆದಾಯ 110 ಹೆಚ್ಚುತ್ತದೆ. ಹೊರಗೆ ಕೆಲಸವಿಲ್ಲದೆ ನಿಂತವರಿಗೆ ಅದು ದೊಡ್ಡ ಮೊತ್ತ, ದೇಶಕ್ಕೂ ಲಾಭ. ಆದರೆ 12,110ನ್ನು 101 ಜನರಿಗೆ ಹಂಚಿದರೆ ತಲಾ 120ಕ್ಕಿಂತ ತುಸು ಕಡಿಮೆಯಾಗುತ್ತದೆ. ಒಳಗಿನ ನೂರು ಜನ ಏಕೆ ಒಪ್ಪುತ್ತಾರೆ? ಯುಗೊಸ್ಲಾವಿಯಾದಲ್ಲಿ ಎಲ್ಲ ಕಾರ್ಖಾನೆಗಳೂ ಹೀಗೆ ಅಳೆದು ತೂಗಿ ನಡೆದವೆಂದಲ್ಲ, ಸ್ಥಳೀಯ ರಾಜಕಾರಣದ ಒತ್ತಡದಿಂದ ಜನರನ್ನು ತುಂಬಿಕೊಂಡ ಕಾರ್ಖಾನೆಗಳೂ ಇದ್ದವು. ಆದರೂ ಸಮಾಜವಾದಿ ದೇಶಗಳ ನಡುವೆ ಬಹಿರಂಗ ನಿರುದ್ಯೋಗ ಕಾಯಂ ಆಗಿ ಇದ್ದದ್ದು ಅಲ್ಲೇ. 1968ರಲ್ಲಿ ಪಶ್ಚಿಮ ಜರ್ಮನಿಯೊಡನೆ ಒಪ್ಪಂದವಾದ ಮೇಲೆ ಲಕ್ಷಾಂತರ ಜನ ಅಲ್ಲಿನ ಕಾರ್ಖಾನೆಗಳಿಗೆ ಹೋದರು. ಒಂದೇ ದೇಶದೊಳಗೆ ಸ್ಲೊವೇನಿಯಾದಲ್ಲಿ ಬಹುತೇಕ ಪೂರ್ಣ ಉದ್ಯೋಗ, ಕೊಸೊವೊದಲ್ಲಿ ಕೆಲಸ ಸಿಗದವರ ದೊಡ್ಡ ಪಡೆ.

ಹಂಗೇರಿಯದು ಇನ್ನೂ ತಮಾಷೆ. 1968ರ ಸುಧಾರಣೆಯ ನಂತರ ಅಲ್ಲಿ ಸರ್ಕಾರ ಕಾರ್ಖಾನೆಯ ಸರಾಸರಿ ವೇತನಕ್ಕೆ ಕಡಿವಾಣ ಹಾಕಿತು. ಸರಾಸರಿ ಹೆಚ್ಚಾದರೆ ಭಾರಿ ತೆರಿಗೆ. ಕುಶಲ ಫಿಟ್ಟರ್‌ಗೆ ಹೆಚ್ಚು ಕೊಡಬೇಕೆಂದಿದ್ದ ವ್ಯವಸ್ಥಾಪಕರು ಏನು ಮಾಡಿದರು? ಕಡಿಮೆ ಸಂಬಳದ, ಅಷ್ಟೇನೂ ಬೇಡದ ಕೆಲಸಗಾರರನ್ನು ಸೇರಿಸಿಕೊಂಡು ಸರಾಸರಿಯನ್ನು ಕೆಳಗಿಳಿಸಿದರು. ಕೂಲಿಯನ್ನು ಹಿಡಿದಿಡಲು ಮಾಡಿದ ನಿಯಮ ಉತ್ಪಾದಕತೆಯನ್ನು ಕೆಡಿಸಿತು. ಯೋಜಕರು ಒಂದು ಅಂಕಿಯನ್ನು ಹಿಡಿದಾಗ ಇನ್ನೊಂದು ಅಂಕಿ ಬೆರಳ ಸಂದಿಯಿಂದ ಜಾರುತ್ತದೆ.

ಸ್ಟಾಪ್‌ವಾಚ್:
ಹಂಗೇರಿಯ ಆ ವ್ಯವಸ್ಥಾಪಕರನ್ನು ನಾನು ದೂಷಿಸಲಾರೆ. ಒಳ್ಳೆಯ ಫಿಟ್ಟರ್ ಕೈತಪ್ಪಿ ಹೋದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

ಸಮಪಾಲು:
ಇಲ್ಲಿಯವರೆಗಿನ ಮಾತುಗಳಿಂದ ನನಗೆ ಕಾಣುವುದು ಹೀಗಿದೆ. ಸೋವಿಯತ್ ಮಾದರಿಯಲ್ಲಿ ಉದ್ಯೋಗದ ಭರವಸೆ ವ್ಯಕ್ತಿಗೆ ಸಿಕ್ಕಿರಲಿಲ್ಲ, ಒಂದು ನಿರ್ದಿಷ್ಟ ಕಾರ್ಖಾನೆಯ ಒಂದು ನಿರ್ದಿಷ್ಟ ಹುದ್ದೆಗೆ ಅಂಟಿಕೊಂಡಿತ್ತು. ಮನೆ, ಮಗುವಿನ ಶಿಶುವಿಹಾರ, ಬೇಸಿಗೆಯ ವಿಶ್ರಾಂತಿಧಾಮದ ಚೀಟಿ ಅನೇಕ ಕಡೆ ಕಾರ್ಖಾನೆಯ ಮೂಲಕವೇ ಬರುತ್ತಿದ್ದವು. ಹುದ್ದೆ ಹೋದರೆ ಕೂಲಿಯೊಂದೇ ಹೋಗುತ್ತಿರಲಿಲ್ಲ. ಆದ್ದರಿಂದ ಹುದ್ದೆಯನ್ನು ಕಡಿಮೆ ಮಾಡುವ ಪ್ರತಿಯೊಂದು ಯಂತ್ರವೂ, ಪ್ರತಿಯೊಂದು ಸುಧಾರಣೆಯೂ ಬೆದರಿಕೆಯಾಗಿ ಕಂಡಿತು. ಭರವಸೆ ವ್ಯಕ್ತಿಗೇ ಸಿಕ್ಕಿದ್ದರೆ, ಅಂದರೆ ಹುದ್ದೆ ಹೋದರೂ ಆದಾಯ, ಮನೆ, ತರಬೇತಿ, ಮುಂದಿನ ಕೆಲಸ ಇವು ಹೋಗುವುದಿಲ್ಲ ಎಂದಾಗಿದ್ದರೆ, ಶ್ಚೆಕಿನೊಗಳು ನೂರಾರು ಆಗಬಹುದಿತ್ತು.

ಚೀನಾ ಹುದ್ದೆಯ ಭರವಸೆಯನ್ನು ಒಡೆಯಿತು. ವ್ಯಕ್ತಿಯ ಭರವಸೆಯನ್ನು ಮೊದಲೇ ಕಟ್ಟಿಕೊಳ್ಳಲಿಲ್ಲ. 1986ರಲ್ಲಿ ಹೊಸಬರಿಗೆ ಗುತ್ತಿಗೆ ಪದ್ಧತಿ ಬಂತು. ಅಧಿಕೃತ ಲೆಕ್ಕದಂತೆ 1998ರಿಂದ 2003ರವರೆಗೆ ಸರ್ಕಾರಿ ಉದ್ಯಮಗಳಿಂದ ಸುಮಾರು 2.8 ಕೋಟಿ ಜನರನ್ನು ಕೆಲಸದಿಂದ ಇಳಿಸಲಾಯಿತು. ಅವರಿಗೆಂದು ಮರು ಉದ್ಯೋಗ ಕೇಂದ್ರಗಳನ್ನು ತೆರೆದು, ಮೂರು ವರ್ಷದವರೆಗೆ ಜೀವನ ಭತ್ಯೆ ಕೊಡುವ ವ್ಯವಸ್ಥೆ ಮಾಡಿದರು. ಹಣವನ್ನು ಉದ್ಯಮ, ಸರ್ಕಾರ, ವಿಮಾನಿಧಿ ಸೇರಿ ಭರಿಸಬೇಕಿತ್ತು. ದಿವಾಳಿಯಂಚಿನಲ್ಲಿದ್ದ ಉದ್ಯಮ ತನ್ನ ಪಾಲನ್ನು ಎಲ್ಲಿಂದ ತರಬೇಕು? ಕ್ಯೂಬಾ 2010ರ ಸೆಪ್ಟೆಂಬರ್‌ನಲ್ಲಿ ಐದು ಲಕ್ಷ ಸರ್ಕಾರಿ ನೌಕರರನ್ನು ಕೆಲವೇ ತಿಂಗಳಲ್ಲಿ ಇಳಿಸುವುದಾಗಿ ಸಾರಿತು, ಅವರು ಹೋಗುವ ಜಾಗ ಸಿದ್ಧವಿಲ್ಲವೆಂದು ತಿಳಿದ ಮೇಲೆ ವೇಗ ತಗ್ಗಿಸಿತು.

ಹೊಸಓದು:
ಹುದ್ದೆಗೆ ಭರವಸೆ, ವ್ಯಕ್ತಿಗೆ ಭರವಸೆ ಎಂಬ ಈ ವಿಂಗಡಣೆ ನನ್ನ ಮೂಲ ಪ್ರಶ್ನೆಯನ್ನು ಬಹಳಷ್ಟು ಬಿಡಿಸಿತು. ಲೆಕ್ಕಿಗರೇ, ತಾವು ಮೊದಲು ಕೊಟ್ಟ 100 ಜನರ ಕಾರ್ಖಾನೆಯಲ್ಲಿ ಸಮಪಾಲು ಅವರ ವ್ಯವಸ್ಥೆಯನ್ನು ಕೂರಿಸಿ ತೋರಿಸಬಹುದೇ?

ಲೆಕ್ಕಿಗ:
ಕೂರಿಸಬಹುದು, ಆದರೆ ಅದು ಸಮಪಾಲು ಅವರು ಬಯಸಿದಷ್ಟು ಸುಲಭವಾಗಿ ಕೂರುವುದಿಲ್ಲ.

20 ಜನ ಹುದ್ದೆ ಬಿಟ್ಟರು, ವೇತನ ನಿಧಿಯಲ್ಲಿ 2,000 ರೂಬಲ್ ಉಳಿಯಿತು. ಹೊಸ ಕೆಲಸ ಕಲಿತು ಬೇರೆಡೆ ಸೇರುವವರೆಗೆ ಅವರಿಗೆ ತಲಾ 80 ರೂಬಲ್ ಭತ್ಯೆ ಎಂದಿಟ್ಟುಕೊಂಡರೆ ತಿಂಗಳಿಗೆ 1,600 ಹೋಯಿತು. ಮಿಕ್ಕದ್ದು 400, ಅದನ್ನು 80 ಜನರಿಗೆ ಹಂಚಿದರೆ ತಲಾ 5 ರೂಬಲ್. ಉತ್ಪಾದಕತೆ ಶೇ. 25 ಏರಿದೆ, ಕೂಲಿ ಶೇ. 5 ಏರಿದೆ, ಶಾಲೆ, ಆಸ್ಪತ್ರೆ, ಹೊಸ ಯಂತ್ರ ಯಾವುದಕ್ಕೂ ಇನ್ನೂ ಒಂದು ಕಾಸೂ ಹೋಗಿಲ್ಲ. ಆ ಐದು ರೂಬಲ್ ಸಲುವಾಗಿ ಪಕ್ಕದ ಇಪ್ಪತ್ತು ಜನರ ಹುದ್ದೆ ಬೇಡವೆಂದು ಎಂಬತ್ತು ಜನ ಕೈ ಎತ್ತುತ್ತಾರೆಯೇ?

ಎಲ್ಲವೂ ನಿಂತಿರುವುದು ಆ 20 ಜನ ಭತ್ಯೆಯಲ್ಲಿ ಎಷ್ಟು ತಿಂಗಳು ಇರುತ್ತಾರೆ ಎಂಬುದರ ಮೇಲೆ. ಮೂರು ತಿಂಗಳಲ್ಲಿ ಅವರು ಇನ್ನೊಂದು ಕಾರ್ಖಾನೆಯಲ್ಲಿ ಸರಕು ತಯಾರಿಸತೊಡಗಿದರೆ ಭತ್ಯೆಯ ಹೊರೆ ಇಳಿದು 2,000 ಪೂರ್ತಿ ಹಂಚಿಕೆಗೆ ಸಿಗುತ್ತದೆ, ಅಂಗಡಿಗೂ ಹೊಸ ಸರಕು ಬರುತ್ತದೆ. ಮೂರು ವರ್ಷ ಹಿಡಿದರೆ ಎಂಬತ್ತು ಜನರೇ ಸುಧಾರಣೆಯನ್ನು ವಿರೋಧಿಸುತ್ತಾರೆ. ಭತ್ಯೆಯನ್ನು ಆ ಒಂದು ಕಾರ್ಖಾನೆಯ ನಿಧಿಯಿಂದ ಕೊಡದೆ ದೇಶದ ಎಲ್ಲ ಕಾರ್ಖಾನೆಗಳಿಂದ ಸಂಗ್ರಹಿಸಿದ ನಿಧಿಯಿಂದ ಕೊಟ್ಟರೆ ಹೊರೆ ಹಗುರಾಗುತ್ತದೆ, ಆದರೆ ಆಗ ಭತ್ಯೆಯ ಖರ್ಚು ತನ್ನದಲ್ಲವೆಂದು ಪ್ರತಿಯೊಂದು ಕಾರ್ಖಾನೆಯೂ ತನಗೆ ಬೇಡದವರನ್ನೆಲ್ಲ ಆ ನಿಧಿಯತ್ತ ತಳ್ಳುತ್ತದೆ. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ಎಂಬುದು ನನ್ನ ಸಲಹೆ. ಆ ಅರ್ಧವನ್ನು ಸಚಿವಾಲಯ ತನಗೆ ಬೇಕೆಂದಾಗ ತಿದ್ದುವಂತಿರಬಾರದು. ಕನಿಷ್ಠ ಒಂದು ಪಂಚವಾರ್ಷಿಕ ಯೋಜನೆಯ ಅವಧಿಗಾದರೂ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾದ ಕಾನೂನಾಗಿರಬೇಕು.